ಚಾಕೊಲೇಟ್ ಬೇಕೇ ಬೇಕು ಅನ್ನಿಸುವುದು ಕೊರತೆಯಾ, ಚಟವಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ತವರು ಪುತ್ತೂರು ಹತ್ತಿರ. ಚಾಕೊಲೇಟ್ ಅಂದ್ರೆ ನನಗೆ ಪ್ರಾಣ. ಸಂಜೆ ಬ್ಯಾಂಕಿನಿಂದ ಹೊರಡುವಾಗಲೇ ಅದರ ನೆನಪು ಶುರು. ಮನೆಗೆ ಬಂದು ಬ್ಯಾಗ್ ಕೆಳಗಿಡುವ ಮೊದಲೇ ನಾಲ್ಕು ತುಂಡು ಬಾಯಿಗೆ ಹೋಗಿರುತ್ತದೆ. ರಾತ್ರಿ ಊಟ ಆಗಿ ಮಕ್ಕಳು ಮಲಗಿದ ಮೇಲೆ ಇನ್ನೆರಡು. ಮಕ್ಕಳ ಕಣ್ಣಿಗೆ ಬೀಳದಿರಲಿ ಅಂತ ಫ್ರಿಜ್‌ನಲ್ಲಿ ಕೊತ್ತಂಬರಿ ಸೊಪ್ಪಿನ ಕೆಳಗೆ ಬಚ್ಚಿಡುತ್ತೇನೆ. ಮುಟ್ಟಿನ ಹಿಂದಿನ ದಿನಗಳಲ್ಲಂತೂ ದೊಡ್ಡ ಬಾರ್ ಒಂದೇ ಸಲಕ್ಕೆ ಖಾಲಿ. ಮ್ಯಾಗ್ನೀಷಿಯಂ ಕಡಿಮೆಯಾದರೆ ಹೀಗಾಗುತ್ತದೆ, ಮಾತ್ರೆ ತಗೋ ಅಂತಾಳೆ ಗೆಳತಿ. ‘ಮೈಗೆ ಬೇಕಾದ್ದನ್ನೇ ಬಾಯಿ ಕೇಳೋದು, ತಿನ್ನಮ್ಮ’ ಅಂತಾರೆ ಅತ್ತೆ. ‘ಇದು ಚಟ’ ಅಂತಾರೆ ಯಜಮಾನರು. ಹೊಸ ವರ್ಷಕ್ಕೆ ಬಿಡುತ್ತೇನೆ ಅಂತ ಶಪಥ ಮಾಡಿದೆ, ಸಂಕ್ರಾಂತಿ ದಾಟಲಿಲ್ಲ. ಅಪ್ಪನಿಗೆ ಶುಗರ್ ಇದೆ. ಪೂರ್ತಿ ಬಿಡಬೇಕಾ? ಡಾರ್ಕ್ ಚಾಕೊಲೇಟ್‌ಗೆ ಬದಲಾದರೆ ಸಾಕಾ?

ಉತ್ತರ: ಪೂರ್ತಿ ಬಿಡಬೇಕಾಗಿಲ್ಲ. ರಾತ್ರಿ ಊಟದ ಮೇಲಿನ ಎರಡು ತುಂಡು ಹಾಗೇ ಇರಲಿ. ಬಿಡಬೇಕಾದ್ದು ಸಂಜೆ ಹಸಿದ ಹೊಟ್ಟೆಯಲ್ಲಿ ತಿನ್ನುವ ನಾಲ್ಕು ತುಂಡು. ನೀವು ಬಹುಶಃ ಉಲ್ಟಾ ಅಂದುಕೊಂಡಿದ್ದೀರಿ. ಸಂಜೆಯದ್ದು ಸುಸ್ತಿಗೆ, ರಾತ್ರಿಯದ್ದು ಬರೀ ಚಪಲಕ್ಕೆ ಅಂತ. ನಿಮ್ಮ ತೊಂದರೆಯನ್ನು ಸಾಕಿ ಬೆಳೆಸುತ್ತಿರುವುದು ಸಂಜೆಯ ಚಾಕೊಲೇಟ್. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಮನೆಯವರ ಮೂರು ತೀರ್ಪುಗಳನ್ನು ವಿಚಾರಿಸಿಬಿಡೋಣ.

ಮೊದಲು ಗೆಳತಿಯ ಮ್ಯಾಗ್ನೀಷಿಯಂ. ಈ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಕೊಕ್ಕೊದಲ್ಲಿ ಮ್ಯಾಗ್ನೀಷಿಯಂ ಇರುವುದು ನಿಜ. ಕೊಕ್ಕೊ ಅಂಶ 70 ಪರ್ಸೆಂಟ್ ದಾಟಿದ ಡಾರ್ಕ್ ಚಾಕೊಲೇಟ್‌ನಲ್ಲಿ 100 ಗ್ರಾಂಗೆ ಸುಮಾರು 230 ಮಿಲಿಗ್ರಾಂ ಇರುತ್ತದೆ. ಆದರೆ ಹೆಚ್ಚಿನವರು ಆಸೆಪಟ್ಟು ತಿನ್ನುವುದು ಮಿಲ್ಕ್ ಚಾಕೊಲೇಟ್. ಅದರಲ್ಲಿರುವುದು 60ರ ಆಸುಪಾಸು ಅಷ್ಟೇ. ಎಳ್ಳಿನಲ್ಲಿ 350ರಷ್ಟಿದೆ. ರಾಗಿ, ಕಡ್ಲೆಕಾಯಿ, ಗೋಡಂಬಿ ಎಲ್ಲದರಲ್ಲೂ ಮಿಲ್ಕ್ ಚಾಕೊಲೇಟ್‌ಗಿಂತ ಜಾಸ್ತಿ ಇದೆ. ಮೈ ಕೇಳುತ್ತಿದ್ದದ್ದು ಮ್ಯಾಗ್ನೀಷಿಯಂ ಆಗಿದ್ದರೆ ನಿಮ್ಮ ಶಪಥ ಮುರಿದ ಆ ಸಂಕ್ರಾಂತಿ ದಿನ ಮನೆ ತುಂಬಾ ಎಳ್ಳು ಬೆಲ್ಲ ಇತ್ತಲ್ವಾ? ಅದರ ಮೇಲೆ ಯಾಕೆ ಹೀಗೆ ಆಸೆ ಹುಟ್ಟಲಿಲ್ಲ? ರಕ್ತ ಪರೀಕ್ಷೆ ಮಾಡಿಸದೆ, ಡಾಕ್ಟರ್ ಹೇಳದೆ ಸುಮ್ನೆ ಮಾತ್ರೆ ನುಂಗಬೇಡಿ. ಜಾಸ್ತಿಯಾದರೆ ಮೊದಲು ಕೆಡುವುದು ಹೊಟ್ಟೆ.

ಇನ್ನು ಅತ್ತೆಯವರ ಮಾತು. ಮೈಯ ಕೊರತೆ ಬಾಯಿಚಪಲವಾಗಿ ಕಾಣಿಸಿಕೊಳ್ಳುವ ಸಂದರ್ಭ ಒಂದಿದೆ. ಕಬ್ಬಿಣಾಂಶ ಕಡಿಮೆಯಾದ ಹೆಂಗಸರು ಬಳಪ, ಸೀಮೆಸುಣ್ಣ, ಮಣ್ಣು, ಹಸಿ ಅಕ್ಕಿ ತಿನ್ನುವುದನ್ನು ನಮ್ಮ ಕಡೆ ನೋಡೇ ಇರುತ್ತೀರಿ. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಗೇ ಬಾಯಲ್ಲಿ ನೀರೂರುತ್ತದೆ ಅನ್ನುವವರಿದ್ದಾರೆ. ಕೆಲವರಿಗೆ ಇಡೀ ದಿನ ಐಸ್ ತುಂಡು ಕಡಿಯುತ್ತಲೇ ಇರಬೇಕು. ಇವರಿಗೆ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ ಅಂತ ನಾವು ಹೇಳೇ ಹೇಳುತ್ತೇವೆ. ತಮಾಷೆ ನೋಡಿ, ಐಸ್‌ನಲ್ಲಿ ಕಬ್ಬಿಣ ಇಲ್ಲವೇ ಇಲ್ಲ. ಬಳಪ ತಿಂದರೆ ರಕ್ತ ಆಗುವುದಿಲ್ಲ. ಅಂದರೆ ಕೊರತೆ ನಿಜವಿದ್ದಾಗಲೂ ಬಾಯಿ ಕೇಳುವುದು ಮೈಗೆ ಬೇಕಾದ್ದನ್ನಲ್ಲ. ಅತ್ತೆಯವರ ಮುಂದೆ ಇದನ್ನು ವಾದ ಮಾಡಲು ಹೋಗಬೇಡಿ, ತಿನ್ನಮ್ಮ ಅನ್ನುವ ಅತ್ತೆ ಸಿಗುವುದು ಕಷ್ಟ.

ನೀವು ಪುತ್ತೂರು ಕಡೆಯವರು ಅಂದಮೇಲೆ ಅಡಿಕೆ ತೋಟದ ನಡುವಿನ ಕೊಕ್ಕೊ ಗಿಡ ಗೊತ್ತೇ ಇರುತ್ತದೆ. ಮಂಗಳೂರಿನಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಕ್ಯಾಂಪ್ಕೊ ಶುರುವಾಯಿತು. ಕೊಕ್ಕೊ ಕೇಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದನ್ನೂ ಖರೀದಿಸತೊಡಗಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಆ ಊರಿನ ಮಕ್ಕಳು ಚಾಕೊಲೇಟ್ ತಿನ್ನುವ ಮೊದಲು ಕೊಕ್ಕೊ ಹಣ್ಣು ತಿಂದಿರುತ್ತಾರೆ. ಹಳದಿಯಾದ ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಬೀಜಗಳ ಸಾಲು. ಬೀಜ ಬಾಯಿಗೆ ಹಾಕಿ ಲೋಳೆ ಚೀಪಿದರೆ ಹುಳಿ ಸಿಹಿ. ಚೀಪಿ ಬೀಜ ಉಗಿಯುವುದು. ಅಪ್ಪಿತಪ್ಪಿ ಬೀಜ ಕಚ್ಚಿದರೆ ಒಳಗೆ ನೇರಳೆ ಬಣ್ಣ, ಬಾಯೆಲ್ಲ ಕಹಿ, ಒಗರು. ತೋಟಕ್ಕೆ ನುಗ್ಗುವ ಮಂಗಗಳೂ ಲೋಳೆ ಚೀಪಿ ಬೀಜ ಎಸೆದು ಹೋಗುತ್ತವೆ.

ಚಾಕೊಲೇಟ್‌ನ ಮಾಯೆ ಅಂತ ಹೆಸರು ಪಡೆದ ಮ್ಯಾಗ್ನೀಷಿಯಂ, ಕೆಫೀನ್, ಅದರ ಹತ್ತಿರದ ನೆಂಟ ಥಿಯೋಬ್ರೋಮಿನ್ ಎಲ್ಲ ಇರುವುದು ನೀವು ಉಗಿದ ಆ ಬೀಜದಲ್ಲೇ. ಅದಕ್ಕಾಗಿ ಯಾರೂ ಫ್ರಿಜ್‌ನಲ್ಲಿ ಬೀಜ ಬಚ್ಚಿಡುವುದಿಲ್ಲ. ಪ್ರೇಮದ ರಾಸಾಯನಿಕ ಅಂತ ಪ್ರತಿ ಫೆಬ್ರವರಿಯಲ್ಲಿ ಪತ್ರಿಕೆಗಳು ಬರೆಯುವ ಫಿನೈಲ್‌ಇಥೈಲಮೀನ್ ಇದೆಯಲ್ಲ, ಅದನ್ನು ತಿಂದರೆ ಮಿದುಳಿಗೆ ತಲುಪುವ ಮೊದಲೇ ಮೈಯ ಕಿಣ್ವಗಳು ಒಡೆದುಹಾಕುತ್ತವೆ. ಗಾಂಜಾ ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುವ ಆನಂದಮೈಡ್ ಎಂಬ ವಸ್ತು ಚಾಕೊಲೇಟ್‌ನಲ್ಲಿದೆ ಅಂತ 1996ರಲ್ಲಿ ಪ್ರಕಟವಾದಾಗ ದೊಡ್ಡ ಸುದ್ದಿಯಾಯಿತು. ಅದು ಇರುವುದು ಎಷ್ಟು ಕಡಿಮೆ ಎಂದರೆ ಅಮಲೇರುವ ಮೊದಲೇ ಹೊಟ್ಟೆ ಕೆಟ್ಟು ಮಲಗಬೇಕಾಗುತ್ತದೆ. ಥಿಯೋಬ್ರೋಮಿನ್, ಕೆಫೀನ್ ಮಾತ್ರ ಸ್ವಲ್ಪ ಚುರುಕು ಕೊಡುತ್ತವೆ. ಅದನ್ನು ಒಂದು ಲೋಟ ಕಾಫಿಯೂ ಕೊಡುತ್ತದೆ.

ಇದನ್ನು ಸರಿಯಾಗಿ ಪರೀಕ್ಷೆ ಮಾಡಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಲ್ಲಾ ಮಿಚೆನರ್ ಮತ್ತು ಪಾಲ್ ರೋಜಿನ್. 1994ರಲ್ಲಿ ಪ್ರಕಟವಾದ ಆ ಪ್ರಯೋಗ ಬಹಳ ಚೆನ್ನಾಗಿದೆ. ಚಾಕೊಲೇಟ್ ಪ್ರಿಯರಿಗೆ ಮುಚ್ಚಿದ ಪೊಟ್ಟಣಗಳನ್ನು ಕೊಟ್ಟರು. ಆಸೆ ಬಂದಾಗ ಒಂದನ್ನು ಒಡೆದು ಒಳಗಿದ್ದದ್ದನ್ನು ತಿನ್ನಬೇಕು. ಒಂದರಲ್ಲಿ ಮಾಮೂಲಿ ಚಾಕೊಲೇಟ್. ಇನ್ನೊಂದರಲ್ಲಿ ಬಿಳಿ ಚಾಕೊಲೇಟ್. ಬಿಳಿಯದರಲ್ಲಿ ಕೊಕ್ಕೊ ಬೆಣ್ಣೆ, ಸಕ್ಕರೆ, ಹಾಲು ಇರುತ್ತದೆ, ಬೀಜದ ಕಂದು ಭಾಗ ಇರುವುದಿಲ್ಲ. ಮತ್ತೊಂದರಲ್ಲಿ ಕೊಕ್ಕೊ ಪುಡಿ ತುಂಬಿದ ಕ್ಯಾಪ್ಸೂಲ್. ಅಂದರೆ ರಾಸಾಯನಿಕವೆಲ್ಲ ಹೊಟ್ಟೆಗೆ ಹೋಗುತ್ತದೆ, ರುಚಿ ಮಾತ್ರ ನಾಲಿಗೆಗೆ ತಾಗುವುದಿಲ್ಲ. ಚಾಕೊಲೇಟ್ ತಿಂದಾಗ ಆಸೆ ಇಳಿಯಿತು. ಬಿಳಿಯದಕ್ಕೆ ಒಂದಿಷ್ಟು ಇಳಿಯಿತು. ಕ್ಯಾಪ್ಸೂಲ್ ನುಂಗಿದರೆ ಏನೂ ಉಪಯೋಗವಾಗಲಿಲ್ಲ. ಬಿಳಿ ಚಾಕೊಲೇಟ್ ಜೊತೆ ಕ್ಯಾಪ್ಸೂಲ್ ಸೇರಿಸಿ ಕೊಟ್ಟರೂ ಬಿಳಿಯದು ಮಾಡಿದ್ದಕ್ಕಿಂತ ಜಾಸ್ತಿ ಏನೂ ಆಗಲಿಲ್ಲ. ಆಸೆ ಇದ್ದದ್ದು ಬಾಯಿಗೆ. ರಕ್ತಕ್ಕಲ್ಲ.

ಬಾಯಿಗೆ ಯಾಕಷ್ಟು ಇಷ್ಟ ಅಂದರೆ, ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕೈಯಲ್ಲಿ ಗಟ್ಟಿ, ಬಾಯಿಗೆ ಹಾಕಿದರೆ ನೀರು. ಇಂಥ ಕೊಬ್ಬು ಅಡುಗೆಮನೆಯಲ್ಲಿ ಬೇರೆ ಇಲ್ಲ. ಅದರ ಮೇಲೆ ಸಕ್ಕರೆ. ಮಿಲ್ಕ್ ಚಾಕೊಲೇಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆ, ಮೂರನೇ ಒಂದು ಭಾಗದ ಹತ್ತಿರ ಕೊಬ್ಬು. ಬರೀ ಸಕ್ಕರೆ ಎಷ್ಟು ಚಮಚ ತಿನ್ನುತ್ತೀರಿ? ಬರೀ ತುಪ್ಪ? ಎರಡನ್ನೂ ಕಡಲೆಹಿಟ್ಟಿನ ಜೊತೆ ಸೇರಿಸಿದರೆ ಮೈಸೂರು ಪಾಕ್, ತಟ್ಟೆ ಖಾಲಿಯಾದದ್ದೇ ಗೊತ್ತಾಗುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ಡಾನಾ ಸ್ಮಾಲ್ ಅವರ ತಂಡ 2018ರಲ್ಲಿ ತೋರಿಸಿದ್ದೂ ಇದನ್ನೇ. ಕ್ಯಾಲರಿ ಸಮನಾಗಿದ್ದರೂ ಬರೀ ಕೊಬ್ಬಿನ ಅಥವಾ ಬರೀ ಕಾರ್ಬೋಹೈಡ್ರೇಟ್‌ನ ತಿಂಡಿಗಿಂತ ಎರಡೂ ಸೇರಿದ ತಿಂಡಿಗೆ ಜನ ಜಾಸ್ತಿ ದುಡ್ಡು ಕೊಡಲು ತಯಾರಿದ್ದರು. ಮಿದುಳಿನ ಸ್ಕ್ಯಾನ್‌ನಲ್ಲೂ ಅದೇ ಕಂಡಿತು.

ಇದು ಇಷ್ಟದ ಮಾತಾಯಿತು. ಆದರೆ ಇಷ್ಟ ಬೇರೆ, ಸಂಜೆಯಾದರೆ ಬೇಕೇ ಬೇಕು ಅನ್ನಿಸುವುದು ಬೇರೆ. ನನಗೆ ಬದನೆಕಾಯಿ ಎಣ್ಣೆಗಾಯಿ ಬಹಳ ಇಷ್ಟ, ಹಾಗಂತ ಸಂಜೆ ಆಫೀಸಿನಲ್ಲಿ ಅದರ ನೆನಪಾಗುವುದಿಲ್ಲ. ಬೇಕೇ ಬೇಕು ಅನ್ನುವುದನ್ನು ನಾವು ಕಲಿಯುತ್ತೇವೆ, ಗೊತ್ತಿಲ್ಲದೆ.

ಮುಟ್ಟಿನ ವಿಷಯ ತೆಗೆದುಕೊಳ್ಳಿ. ಅಮೆರಿಕದಲ್ಲಿ ಚಾಕೊಲೇಟ್ ಆಸೆ ಇರುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ಅದು ಮುಟ್ಟಿನ ಆಸುಪಾಸಿನಲ್ಲಿ ಬರುತ್ತದೆ ಅನ್ನುತ್ತಾರೆ. ಹಾರ್ಮೋನೇ ಕಾರಣ ಅಂತ ಎಲ್ಲರೂ ನಂಬಿದ್ದರು. ಹಾರ್ಮೋನ್ ಎಲ್ಲ ದೇಶದಲ್ಲೂ ಒಂದೇ ಅಲ್ವಾ? ಆದರೆ ಸ್ಪೇನ್‌ನಲ್ಲಿ ಕೇಳಿದಾಗ ಮುಟ್ಟಿಗೂ ಚಾಕೊಲೇಟ್‌ಗೂ ನಂಟು ಹೇಳಿದವರು ಕಡಿಮೆ. ಈಜಿಪ್ಟ್‌ನಲ್ಲಿ ಸಿಹಿಗಿಂತ ಉಪ್ಪಿನ ಅಡುಗೆಯ ಆಸೆಯೇ ಜಾಸ್ತಿ. ಅಮೆರಿಕದಲ್ಲೇ ಜೂಲಿಯಾ ಹೋರ್ಮ್ಸ್ ಅವರ ಅಧ್ಯಯನದಲ್ಲಿ ಬೇರೆ ದೇಶದಲ್ಲಿ ಹುಟ್ಟಿ ಬಂದ ಹೆಂಗಸರು ಇದನ್ನು ಹೇಳಿದ್ದು ಕಡಿಮೆ, ಅಲ್ಲೇ ಹುಟ್ಟಿ ಬೆಳೆದವರು ಹೇಳಿದ್ದು ಜಾಸ್ತಿ. ಮುಟ್ಟು ನಿಂತ ಮೇಲೆ ಈ ಆಸೆ ಮಾಯವಾಗಬೇಕಿತ್ತು. ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ನಮ್ಮಲ್ಲಿ ಬಸುರಿಯರ ಬಯಕೆ ಅಂದರೆ ಮಾವಿನಕಾಯಿ, ಹುಣಸೆಹಣ್ಣು. ಯಾವ ಹೊತ್ತಿಗೆ ಏನನ್ನು ಬಯಸಬೇಕು ಅನ್ನುವುದನ್ನು ಸುತ್ತಲಿನವರು ಹೇಳಿಕೊಟ್ಟಿರುತ್ತಾರೆ.

ಹಾಗಂತ ನಿಮ್ಮದು ಬರೀ ಕಲ್ಪನೆ ಅನ್ನುತ್ತಿಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ಹಸಿವು ಸ್ವಲ್ಪ ಜಾಸ್ತಿಯಾಗುವುದು ನಿಜ. ಬೇಸರ, ಸಿಡುಕು, ನಿದ್ದೆಗೆಡುವುದೂ ನಿಜ. ಹಸಿವು ಹಾರ್ಮೋನಿನದು, ಕೈ ಚಾಕೊಲೇಟ್ ಕಡೆ ಹೋಗುವುದು ಅಭ್ಯಾಸದ್ದು. ಆ ದಿನಗಳಲ್ಲಿ ಮಧ್ಯಾಹ್ನದ ಡಬ್ಬಿಗೆ ಇನ್ನೊಂದು ಚಪಾತಿ, ಇನ್ನೊಂದು ಸೌಟು ಕಾಳಿನ ಪಲ್ಯ ಹಾಕಿಕೊಳ್ಳಿ. ಮೈಗ್ರೇನ್ ಇರುವ ಓದುಗರಿಗೆ ಒಂದು ಮಾತು. ಚಾಕೊಲೇಟ್ ತಿಂದು ತಲೆನೋವು ಬಂತು ಅಂತ ಬೈದುಕೊಳ್ಳುತ್ತೀರಲ್ಲ, ಎಷ್ಟೋ ಸಲ ಅದು ತಿರುಗಾಮುರುಗಾ. ತಲೆನೋವು ಶುರುವಾಗುವ ಕೆಲವು ಗಂಟೆ ಮೊದಲೇ ಸಿಹಿ ತಿನ್ನುವ ಆಸೆ ಬರುವುದು ಮೈಗ್ರೇನ್‌ನ ಮುನ್ಸೂಚನೆಯೇ ಆಗಿರಬಹುದು.

ಯಜಮಾನರ ‘ಚಟ’ಕ್ಕೆ ಬರೋಣ. ಮನೋವೈದ್ಯರು ಬಳಸುವ ಡಿಎಸ್ಎಂ-5 ಪಟ್ಟಿಯಲ್ಲಿ ಚಾಕೊಲೇಟ್ ಚಟ ಅನ್ನುವ ಕಾಯಿಲೆ ಇಲ್ಲ. ಅದರಲ್ಲಿ ತಂಬಾಕು ಇದೆ, ಮದ್ಯ ಇದೆ. ಮನೆಯಲ್ಲಿ ಸಲುಗೆಯಿಂದ ಚಟ ಅನ್ನುವುದು ಬೇರೆ ಮಾತು. ಆದರೆ ದಿನಾ ಅದನ್ನೇ ಕೇಳಿಸಿಕೊಂಡರೆ ತಪ್ಪು ಮಾಡುತ್ತಿದ್ದೇನೆ ಅನ್ನುವ ಭಾವ ಕೂರುತ್ತದೆ. ಆಮೇಲೆ ಬಚ್ಚಿಡುವುದು, ಗಬಗಬ ತಿನ್ನುವುದು, ಶಪಥ ಮಾಡುವುದು, ಮುರಿಯುವುದು. ಟೊರೊಂಟೊದ ಜಾನೆಟ್ ಪೊಲಿವಿ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಒಂದು ವಾರ ಚಾಕೊಲೇಟ್ ಮುಟ್ಟಬೇಡಿ ಅಂದರು, ಕೆಲವರಿಗೆ ವೆನಿಲ್ಲಾದ ತಿಂಡಿ ಮುಟ್ಟಬೇಡಿ ಅಂದರು. ವಾರ ಕಳೆದು ಮುಂದೆ ಇಟ್ಟಾಗ ಚಾಕೊಲೇಟ್ ಮೇಲೆ ಹೆಚ್ಚು ಮುಗಿಬಿದ್ದವರು ಯಾರು ಗೊತ್ತಾ? ಮೊದಲಿಂದಲೂ ಡಯಟ್ ಮಾಡುತ್ತ, ಬಾಯಿ ಕಟ್ಟುತ್ತ ಬಂದವರಲ್ಲಿ ಚಾಕೊಲೇಟ್ ಬಿಟ್ಟಿದ್ದವರು. ನಿಮ್ಮ ಸಂಕ್ರಾಂತಿ ಕಥೆಯೂ ಇಷ್ಟೇ. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತೇನಲ್ಲ.

ಈಗ ಸಂಜೆಯ ವಿಷಯ. ಲಂಡನ್ನಿನಲ್ಲಿ ಲೀ ಗಿಬ್ಸನ್ ಮತ್ತು ಎಮ್ಮಾ ಡೆಸ್ಮಂಡ್ ಮಾಡಿದ, 1999ರಲ್ಲಿ ಬಂದ ಒಂದು ಅಧ್ಯಯನವನ್ನು ನಾನು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ. ಎರಡು ವಾರ ಒಂದು ಗುಂಪು ಹಸಿದಾಗ ಮಾತ್ರ ಚಾಕೊಲೇಟ್ ತಿನ್ನಬೇಕು. ಇನ್ನೊಂದು ಗುಂಪು ಊಟ ಆದ ಸ್ವಲ್ಪ ಹೊತ್ತಿಗೆ, ಹೊಟ್ಟೆ ತುಂಬಿದ್ದಾಗ ಮಾತ್ರ ತಿನ್ನಬೇಕು. ಹಸಿದು ತಿಂದವರಲ್ಲಿ, ಅದರಲ್ಲೂ ಮೊದಲೇ ಚಪಲ ಜಾಸ್ತಿ ಇದ್ದವರಲ್ಲಿ, ಆಸೆ ಬೆಳೆಯಿತು. ಹೊಟ್ಟೆ ತುಂಬಿದಾಗ ತಿಂದವರಲ್ಲಿ ಇಳಿಯಿತು. ಯಾರೂ ಬಿಡಲಿಲ್ಲ, ಹೊತ್ತು ಬದಲಾಯಿತು ಅಷ್ಟೇ. ಹಸಿದಾಗ ತಿಂದ ಸಕ್ಕರೆ ಕೊಬ್ಬು ಬೇಗ ಹಿತ ಕೊಡುತ್ತದೆ. ಮಿದುಳು ಅದನ್ನು ಬರೆದಿಟ್ಟುಕೊಂಡು ಮರುದಿನ ಅದೇ ಹಸಿವಿಗೆ ಅದನ್ನೇ ಕೇಳುತ್ತದೆ. ನಿಮಗೆ ಬ್ಯಾಂಕಿನ ಶಟರ್ ಎಳೆಯುವ ಸದ್ದೇ ಗಂಟೆ ಹೊಡೆದ ಹಾಗೆ ಆಗಿರಬಹುದು.

ಒಂದೂವರೆಗೆ ಊಟ ಮಾಡಿದ ನೀವು ಮನೆ ತಲುಪುವುದು ಏಳರ ಹತ್ತಿರ ಇರಬೇಕು. ನಡುವೆ ಬರೀ ಟೀ ಬಿಸ್ಕತ್ತು ಅಂತ ನನ್ನ ಊಹೆ. ಅಷ್ಟು ಹೊತ್ತಿಗೆ ಯಾರಿಗಾದರೂ ಹಸಿವಾಗಲೇಬೇಕು. ಐದಕ್ಕೇ ಸೀಟಿನಲ್ಲೇ ಏನಾದರೂ ಗಟ್ಟಿಯಾದದ್ದು ತಿನ್ನಿ. ಒಂದು ಹಿಡಿ ಹುರಿದ ಕಡ್ಲೆಕಾಯಿ, ಹುರಿಗಡಲೆ, ಹೆಸರುಕಾಳು ಉಸಲಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ನಿಮ್ಮ ಮನೆಯಲ್ಲಿ ನಡೆಯುವುದು ಯಾವುದೋ. ಮನೆಗೆ ಬಂದಾಗಲೂ ಆಸೆ ಬಂದೇ ಬರುತ್ತದೆ, ಮೊದಮೊದಲು ಜೋರಾಗಿಯೇ ಬರುತ್ತದೆ. ಅದಕ್ಕೆ ‘ಬೇಡ’ ಅನ್ನಬೇಡಿ. ‘ಊಟ ಆಗಲಿ’ ಅನ್ನಿ. ಸಿಗುತ್ತದೆ ಅಂತ ಗೊತ್ತಿದ್ದ ಮನಸ್ಸು ಅಷ್ಟು ಕಾಡುವುದಿಲ್ಲ.

ಮೆಟ್ರೋದಲ್ಲಿ ಬರುವವರಾದರೆ ಒಂದು ಸ್ಟೇಷನ್ ಮೊದಲೇ ಇಳಿದು ಬಿರುಸಾಗಿ ನಡೆದುಕೊಂಡು ಬನ್ನಿ. ಇಂಗ್ಲೆಂಡಿನ ಎಕ್ಸೆಟರ್‌ನ ಸಂಶೋಧಕರು ದಿನಾ ಚಾಕೊಲೇಟ್ ತಿನ್ನುವವರನ್ನು 15 ನಿಮಿಷ ಬಿರುಸಾಗಿ ನಡೆಸಿ ನೋಡಿದರು. ಸುಮ್ಮನೆ ಕೂತಿದ್ದವರಿಗಿಂತ ಅವರಲ್ಲಿ ಆಸೆ ಕಡಿಮೆಯಾಯಿತು. ಕಣ್ಣಿಗೆ ಕೆಲಸ ಕೊಟ್ಟರೂ ಉಪಯೋಗವಿದೆ. ತಿನ್ನುವ ಆಸೆ ಬಂದಾಗ ಮನಸ್ಸಿನೊಳಗೆ ಅದರ ಚಿತ್ರ ಓಡುತ್ತಿರುತ್ತದೆ, ಹೊಳೆಯುವ ಕಾಗದ, ಒಡೆಯುವ ಸದ್ದು. ಬೇರೆ ಚಿತ್ರ ಬಂದರೆ ಇದು ಮಸುಕಾಗುತ್ತದೆ. ಕೆಲವೇ ನಿಮಿಷ ಟೆಟ್ರಿಸ್ ಎಂಬ, ಬೀಳುವ ಇಟ್ಟಿಗೆ ಜೋಡಿಸುವ ವಿಡಿಯೋ ಆಟ ಆಡಿಸಿ ಇದನ್ನು ತೋರಿಸಿದ್ದಾರೆ. ರೀಲ್ಸ್ ನೋಡಬಹುದಾ ಅಂತ ಕೇಳಬೇಡಿ, ಅಲ್ಲಿ ಪ್ರತಿ ನಾಲ್ಕನೆಯದರಲ್ಲಿ ಯಾರೋ ಬ್ರೌನಿ ಕತ್ತರಿಸುತ್ತಿರುತ್ತಾರೆ.

ರಾತ್ರಿಯ ಚಾಕೊಲೇಟ್‌ಗೆ ನನ್ನದು ಒಂದೇ ಷರತ್ತು. 15ರಿಂದ 20 ಗ್ರಾಂ ಮುರಿದು ತಟ್ಟೆಗೆ ಹಾಕಿಕೊಳ್ಳಿ, ಉಳಿದದ್ದನ್ನು ಸುತ್ತಿ ಒಳಗಿಡಿ, ಆಮೇಲೆ ಕೂತು ತಿನ್ನಿ. ಅಗಿಯಬೇಡಿ. ನಾಲಿಗೆ ಮೇಲೆ ಕರಗಲು ಬಿಡಿ. ಕೊಕ್ಕೊ ಬೆಣ್ಣೆಗೆ ಅಷ್ಟು ಬೆಲೆ ಕೊಟ್ಟಿದ್ದೀರಿ, ಅದರ ಕೆಲಸ ಮಾಡಲಿ. ಇನ್ನು ಆ ಬಚ್ಚಿಡುವುದನ್ನು ದಯವಿಟ್ಟು ನಿಲ್ಲಿಸಿ. ಮಕ್ಕಳಿಗೂ ಒಂದೊಂದು ತುಂಡು ಕೊಟ್ಟು ಎಲ್ಲರ ಎದುರು ತಿನ್ನಿ. ಕದ್ದು ತಿಂದದ್ದು ಯಾವಾಗಲೂ ಬೇಗ ಮುಗಿಯುತ್ತದೆ. ಕೊತ್ತಂಬರಿ ಸೊಪ್ಪಿನ ಕೆಳಗಂತೂ ಬೇಡವೇ ಬೇಡ. ಕೊಕ್ಕೊ ಬೆಣ್ಣೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಹವೆಗೆ ಬಿರುಬೇಸಿಗೆ ಬಿಟ್ಟರೆ ಗಾಳಿಯಾಡದ ಡಬ್ಬಿಯಲ್ಲಿ ಕಪಾಟಿನಲ್ಲಿಟ್ಟರೆ ಸಾಕು. ಕರಗಿ ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪದರ ಬರುತ್ತದೆ. ಅದು ಬೂಷ್ಟಲ್ಲ, ಮೇಲೆದ್ದ ಕೊಬ್ಬು. ತಿನ್ನಬಹುದು, ರುಚಿ ಸ್ವಲ್ಪ ಸಪ್ಪೆ.

ಡಾರ್ಕ್‌ಗೆ ಬದಲಾಗಬಹುದಾ? ರುಚಿ ಹಿಡಿಸಿದರೆ ಬದಲಾಗಿ. 40 ಗ್ರಾಂ ಮಿಲ್ಕ್ ಚಾಕೊಲೇಟ್‌ನಲ್ಲಿ 20 ಗ್ರಾಂ ದಾಟಿ ಸಕ್ಕರೆ ಇರುತ್ತದೆ. ದೊಡ್ಡವರು ಇಡೀ ದಿನಕ್ಕೆ ಹೊರಗಿನಿಂದ ಸೇರುವ ಸಕ್ಕರೆಯನ್ನು 25 ಗ್ರಾಂ ಒಳಗಿಟ್ಟರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಎರಡು ಲೋಟ ಕಾಫಿಗೇ ಅರ್ಧ ಮುಗಿದಿರುತ್ತದೆ. 70 ಪರ್ಸೆಂಟ್ ಡಾರ್ಕ್ 20 ಗ್ರಾಂ ತಿಂದರೆ ಸಕ್ಕರೆ 6 ಗ್ರಾಂ ಆಸುಪಾಸು. ಕ್ಯಾಲರಿ ಮಾತ್ರ ಕಡಿಮೆಯಾಗುವುದಿಲ್ಲ, ಕೊಬ್ಬು ಜಾಸ್ತಿ ಇರುವುದರಿಂದ. ಹೆಸರಿಗೆ ಡಾರ್ಕ್ ಅಂತಿದ್ದು ಪಟ್ಟಿಯಲ್ಲಿ ಮೊದಲನೆಯದೇ ಸಕ್ಕರೆ ಇದ್ದರೆ ವಾಪಸ್ ಇಟ್ಟುಬಿಡಿ. ಕೊಕ್ಕೊ ಬೆಣ್ಣೆಯ ಹೆಸರೇ ಇಲ್ಲದೆ ಬರೀ ವನಸ್ಪತಿ ಕೊಬ್ಬು ಇದ್ದರೆ ಅದು ಕಾಂಪೌಂಡ್ ಅನ್ನುವ ಅಗ್ಗದ ನಕಲು ಚಾಕೊಲೇಟ್, ಅದಕ್ಕೆ ದುಡ್ಡು ದಂಡ ಮಾಡಬೇಡಿ. ಶುಗರ್ ಫ್ರೀ ಚಾಕೊಲೇಟ್‌ಗಳಲ್ಲಿ ಸಾಮಾನ್ಯವಾಗಿ ಸಕ್ಕರೆಯ ಬದಲು ಮಾಲ್ಟಿಟಾಲ್ ಎಂಬ ಸಿಹಿಕಾರಕ ಹಾಕಿರುತ್ತಾರೆ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ.

ಹೃದಯಕ್ಕೆ ಒಳ್ಳೆಯದು ಅಂತ ಔಷಧಿ ಥರ ತಿನ್ನಲು ಹೋಗಬೇಡಿ. ಅಮೆರಿಕದಲ್ಲಿ 21,000ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಕಾಸ್ಮೋಸ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಅವರಿಗೆ ಕೊಟ್ಟದ್ದು ಚಾಕೊಲೇಟ್ ಅಲ್ಲ, ಕೊಕ್ಕೊ ಸಾರದ ಕ್ಯಾಪ್ಸೂಲ್. ಹೃದಯ, ರಕ್ತನಾಳದ ಒಟ್ಟು ತೊಂದರೆಗಳು ಅದರಿಂದಲೂ ಖಚಿತವಾಗಿ ಕಡಿಮೆಯಾಗಲಿಲ್ಲ. ರಾತ್ರಿ ಎದೆಯುರಿ ಬರುವವರಾದರೆ ಮಾತ್ರ ಮಲಗುವ ಹೊತ್ತಿಗೆ ಬೇಡ, ಮಧ್ಯಾಹ್ನದ ಊಟದ ಮೇಲೆ ತಿನ್ನಿ.

ಅಪ್ಪನಿಗೆ ಶುಗರ್ ಇರುವುದರಿಂದ ನೀವು ಪರೀಕ್ಷೆ ಮಾಡಿಸಲೇಬೇಕು, ಚಾಕೊಲೇಟ್ ತಿಂದರೂ ಸರಿ, ತಿನ್ನದಿದ್ದರೂ ಸರಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಹೊರಗೆ ಮಾಡಿಸುವುದಾದರೆ ಖಾಲಿ ಹೊಟ್ಟೆಯ ಶುಗರ್ ಜೊತೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಅದು 5.7ರಿಂದ 6.4ರ ನಡುವೆ ಬಂದರೆ ಡಯಾಬಿಟಿಸ್‌ನ ಹೊಸ್ತಿಲಲ್ಲಿದ್ದೀರಿ ಅಂತ ಲೆಕ್ಕ. ಆಗ ಚಾಕೊಲೇಟ್‌ಗಿಂತ ಮೊದಲು ಅನ್ನದ ಅಳತೆ, ನಡಿಗೆ, ಸೊಂಟದ ಸುತ್ತಳತೆ ನೋಡಬೇಕಾಗುತ್ತದೆ. ಹಿಮೋಗ್ಲೋಬಿನ್ ಕೂಡ ಸೇರಿಸಿ, ಸಂಜೆ ಸುಸ್ತಾಗುತ್ತಿದ್ದರೆ ಅದು ಕಡಿಮೆಯಿರುವುದೂ ಕಾರಣ ಇರಬಹುದು.

ಇನ್ನೊಂದು ವಿಷಯ ನೀವೇ ಗಮನಿಸಬೇಕು. ಮುಟ್ಟಿನ ಮುಂಚೆ ಬಾರ್ ಪೂರ್ತಿ ಮುಗಿಯುತ್ತದೆ ಅಂದಿರಿ. ತಿಂಗಳಿಗೊಮ್ಮೆ, ತಿಂದು ಸುಮ್ಮನಾದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೀಗೆ ವಾರಕ್ಕೊಮ್ಮೆಯಾದರೂ, ಮೂರು ತಿಂಗಳಿಂದ, ಹಸಿವಿಲ್ಲದಿದ್ದರೂ ತಡೆಯಲಾಗದೆ ಸಿಕ್ಕಿದ್ದೆಲ್ಲ ತಿನ್ನುತ್ತಿದ್ದರೆ, ಆಮೇಲೆ ನಾಚಿಕೆಯಿಂದ ಅಳು ಬರುತ್ತಿದ್ದರೆ, ವಾಂತಿ ಮಾಡಿ ಹೊರಹಾಕಬೇಕು ಅನ್ನಿಸುತ್ತಿದ್ದರೆ, ಅದು ಚಾಕೊಲೇಟ್‌ನ ಪ್ರಶ್ನೆಯಲ್ಲ. ಅದಕ್ಕೆ ಚಿಕಿತ್ಸೆ ಇದೆ. ಆಹಾರ ತಜ್ಞರಿಗಿಂತ ಮೊದಲು ಮನೋವೈದ್ಯರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ನೋಡಿ.